ಅರ್ಜಿ ಹೋದ ದಾರಿಯಲ್ಲಿ ಮಕ್ಕಳೂ ಹೋಗಿ ಬರಲಿ

(ಪ್ರೌಢಶಾಲಾ ಸಮಾಜ ವಿಜ್ಞಾನ ಶಿಕ್ಷಕರ ತಾಲ್ಲೂಕು ಮಟ್ಟದ ಸಮಾವೇಶವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಶಿಕ್ಷಕ ಬಂಧುಗಳೇ,

ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ನಾನು ಮೊದಲ ಸಲ ಬೆಂಗಳೂರಿಗೆ ಹೋದಾಗ, ವಿಧಾನಸೌಧದ ಎದುರು ಬಸ್ಸಿನಿಂದ ಇಳಿದವರಲ್ಲಿ ನಾಲ್ಕೈದು ಹುಡುಗರು ಚಪ್ಪಲಿ ಕಳಚಿಟ್ಟು, ಬೇಲಿಯಾಚೆಯ ಮೆಟ್ಟಿಲುಗಳ ಕಡೆಗೆ ಮುಖ ಮಾಡಿ ಕೈ ಮುಗಿದರು. ಅದಕ್ಕೂ ಮುಂಚಿನ ಎರಡು ದಿನ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಚಾಮುಂಡಿ ಬೆಟ್ಟ ಎಂದು ಸುತ್ತಿ ಬಂದ ಮಕ್ಕಳು ಅವರು. ಕಲ್ಲಿನ ಕಂಬ, ಕೆತ್ತನೆ, ನಡುವೆ ಗುಮ್ಮಟ, ಏರಿ ಹೋಗುವ ಮೆಟ್ಟಿಲುಗಳು ಕಂಡಾಗ ಕೈಗಳು ತಾವಾಗಿ ಕೂಡಿಕೊಂಡಿರಬೇಕು. ಕಟ್ಟಡದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದೂ ಇರುವಾಗ ಅವರದು ತಪ್ಪೆನ್ನುವುದಾದರೂ ಹೇಗೆ? ಉಳಿದ ಮಕ್ಕಳು ನಕ್ಕರು, ನಾನೂ ನಕ್ಕೆ. ಗುಂಪಿನ ಫೋಟೊ ತೆಗೆಸಿ, ತಲೆ ಎಣಿಸಿ, ಹತ್ತೇ ನಿಮಿಷದಲ್ಲಿ ಲಾಲ್‌ಬಾಗಿನ ಕಡೆಗೆ ಹೊರಟೆವು. ಊರಿಗೆ ಮರಳಿದ ಮೇಲೆ ಪ್ರವಾಸದ ಬಗ್ಗೆ ಪ್ರಬಂಧ ಬರೆಸಿದೆ. ಮೆಟ್ರೊ ರೈಲಿಗೆ ಅರ್ಧ ಪುಟ, ತಾನಾಗಿ ಮೇಲೇರುವ ಮೆಟ್ಟಿಲಿಗೆ ಅರ್ಧ ಪುಟ, ಬನ್ನೇರುಘಟ್ಟದ ಹುಲಿಗೆ ಪೂರ್ತಿ ಒಂದು ಪುಟ ಸಿಕ್ಕಿತ್ತು. ರಾಜಧಾನಿಗೆ ರಾಜಧಾನಿ ಎಂಬ ಹೆಸರು ತಂದುಕೊಟ್ಟ ಕಟ್ಟಡದ ಪಾಲಿಗೆ ಬಂದದ್ದು ಒಂದೇ ಸಾಲು: ‘ವಿಧಾನಸೌಧ ಬಹಳ ದೊಡ್ಡದಿತ್ತು.’

ಆ ಒಂದು ಸಾಲಿಗೆ ಹೊಣೆ ನಾನೇ. ರಾಜ್ಯಶಾಸ್ತ್ರದ ಪಾಠದಲ್ಲಿ ಅದೇ ಮಕ್ಕಳು ವಿಧಾನಸಭೆಯ ಸದಸ್ಯರ ಸಂಖ್ಯೆ 224, ವಿಧಾನ ಪರಿಷತ್ತಿನದು 75 ಎಂದು ತಡವರಿಸದೆ ಹೇಳುತ್ತಿದ್ದರು. ಶಾಲಾ ಸಂಸತ್ತಿಗೆ ಚುನಾವಣೆ ನಡೆಸಿ, ಬೆರಳಿಗೆ ಸ್ಕೆಚ್ ಪೆನ್ನಿನ ಗುರುತು ಹಾಕಿ, ನೀರಾವರಿ ಮಂತ್ರಿ, ಸ್ವಚ್ಛತಾ ಮಂತ್ರಿ ಎಂದು ಪ್ರಮಾಣವಚನವನ್ನೂ ಬೋಧಿಸಿದ್ದೆ. ಆದರೆ ಪಾಠದ 224ಕ್ಕೂ ತಾವು ಕಂಡ ಆ ಕಲ್ಲಿನ ಕಟ್ಟಡಕ್ಕೂ ತಮ್ಮೂರಿಗೂ ನಡುವೆ ಒಂದು ದಾರಿ ಇದೆ ಎಂಬುದನ್ನು ನಾನು ಅವರಿಗೆ ತೋರಿಸಿರಲಿಲ್ಲ. ನಮ್ಮೂರ ಪಂಚಾಯಿತಿ ಕಚೇರಿಯಲ್ಲಿ ಕೊಟ್ಟ ಅರ್ಜಿಯೊಂದು ತಾಲ್ಲೂಕು, ಜಿಲ್ಲೆ ದಾಟಿ ರಾಜಧಾನಿಯವರೆಗೆ ಹೋಗುವ, ಹಲವು ಸಲ ನಡುವೆಯೇ ಎಲ್ಲೋ ನಿಂತುಬಿಡುವ ದಾರಿ ಅದು. ರಾಜಧಾನಿಯ ಶಾಲಾ ಪ್ರವಾಸವು ಪೌರಶಿಕ್ಷಣವಾಗಬೇಕಾದರೆ ಮಕ್ಕಳು ಆ ದಾರಿಯನ್ನು ಊರಿನ ತುದಿಯಿಂದ ಹಿಡಿದುಕೊಂಡು ಹೋಗಬೇಕು ಎಂಬುದೇ ಇಂದು ನಿಮ್ಮ ಮುಂದೆ ನಾನಿಡುವ ಮಾತು.

ಇದು ಹೊಸ ವಿಚಾರವೇನಲ್ಲ. 1881ರಲ್ಲಿ ದಿವಾನ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದಾಗ ಅದು ಸೇರುತ್ತಿದ್ದುದು ದಸರಾ ಸಮಯದಲ್ಲಿ. ಮೊದಲ ಸಭೆಗೆ ಕರೆಸಿಕೊಂಡಿದ್ದ 144 ಸದಸ್ಯರು ಹೆಚ್ಚಾಗಿ ಜಮೀನ್ದಾರರು ಮತ್ತು ವರ್ತಕರು; ಹೆಂಗಸರಿಲ್ಲ, ಕೂಲಿಯವರಿಲ್ಲ, ಕಾನೂನು ಮಾಡುವ ಅಧಿಕಾರವೂ ಆ ಸಭೆಗಿರಲಿಲ್ಲ. ಹಾಗಿದ್ದರೂ ಅದರಲ್ಲಿ ನನ್ನನ್ನು ಸೆಳೆಯುವ ಒಂದು ಸಂಗತಿಯಿದೆ. ಜಂಬೂಸವಾರಿಯ ದಿನಗಳಲ್ಲಿ ರಾಜಧಾನಿಗೆ ಬರುತ್ತಿದ್ದ ಆ ಪ್ರತಿನಿಧಿಗಳು ಬರಿಗೈಯಲ್ಲಿ ಬರುತ್ತಿರಲಿಲ್ಲ. ತಮ್ಮ ಸೀಮೆಯ ಕೆರೆ, ಕಂದಾಯ, ರಸ್ತೆಗಳ ಅಹವಾಲುಗಳನ್ನು ಹೊತ್ತು ಬಂದು ದಿವಾನರ ಮುಂದೆ ಇಡುತ್ತಿದ್ದರು, ವರ್ಷದಲ್ಲಿ ಸರ್ಕಾರ ಏನು ಮಾಡಿತೆಂಬ ದಿವಾನರ ಭಾಷಣವನ್ನು ಕೇಳಿ ಊರಿಗೆ ಮರಳುತ್ತಿದ್ದರು. ನೋಡುವುದು ಮತ್ತು ಕೇಳುವುದು ಒಂದೇ ಪ್ರಯಾಣದಲ್ಲಿ ಆಗುತ್ತಿತ್ತು. ನಮ್ಮ ಶಾಲಾ ಪ್ರವಾಸಗಳು ಇವೆರಡರಲ್ಲಿ ದಸರೆಯನ್ನಷ್ಟೇ ಉಳಿಸಿಕೊಂಡು ಅಹವಾಲನ್ನು ಬಿಟ್ಟುಬಿಟ್ಟಿವೆ.

ಎರಡು ವರ್ಷ ಕಳೆದ ಮೇಲೆ ನಾವು ಕ್ರಮ ಬದಲಿಸಿದೆವು. ನಮ್ಮ ಶಾಲೆಗೆ ತಾಂಡಾ ಒಂದರಿಂದ ಬರುವ ಮಕ್ಕಳಿದ್ದಾರೆ, ನಡುವೆ ಹಳ್ಳ. ಮಳೆಗಾಲದಲ್ಲಿ ಹಳ್ಳ ತುಂಬಿದ ದಿನ ಅವರ ಹಾಜರಿ ಇಲ್ಲ. ಅಲ್ಲೊಂದು ಕಿರುಸೇತುವೆ ಬೇಕೆಂದು ಊರವರು ಅರ್ಜಿ ಕೊಟ್ಟು ಎಷ್ಟೋ ವರ್ಷಗಳಾಗಿದ್ದವು. ಜೂನ್ ತಿಂಗಳಿನಲ್ಲಿ ನಾನು ಮಕ್ಕಳಿಗೆ ಕೇಳಿದ್ದು ಇಷ್ಟೇ: ‘ಆ ಅರ್ಜಿ ಈಗ ಎಲ್ಲಿದೆ?’ ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮೊದಲು ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯನ್ನು, ಎಂದರೆ ಪಿಡಿಒ ಅವರನ್ನು ಕಂಡೆವು. ಆ ರಸ್ತೆ ಪಂಚಾಯಿತಿಯದಲ್ಲ ಎಂದರು ಅವರು. ಹಾಗಾದರೆ ಯಾರದು? ರಸ್ತೆಗೂ ಒಡೆಯರಿರುತ್ತಾರೆ, ಗ್ರಾಮೀಣ ರಸ್ತೆ, ಜಿಲ್ಲಾ ಮುಖ್ಯ ರಸ್ತೆ, ರಾಜ್ಯ ಹೆದ್ದಾರಿ ಎಂದು ಅವುಗಳಿಗೂ ದರ್ಜೆಗಳಿರುತ್ತವೆ, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ ಬೇರೆ, ಲೋಕೋಪಯೋಗಿ ಇಲಾಖೆ ಬೇರೆ ಎಂಬುದು ಮಕ್ಕಳಿಗೆ ತಿಳಿಯುವಷ್ಟರಲ್ಲಿ ಎರಡು ತಿಂಗಳಾಯಿತು. ಹದಿನಾಲ್ಕರ ಹುಡುಗಿಯೊಬ್ಬಳು ತಾಲ್ಲೂಕಿನ ಕಚೇರಿಯಲ್ಲಿ ಗುಮಾಸ್ತರ ಎದುರು ನಿಂತು ‘ಸರ್, ಇದರ ಸ್ವೀಕೃತಿ ಸಂಖ್ಯೆ ಏನ್ರಿ?’ ಎಂದು ಕೇಳಿದ ದಿನ, ರಾಜ್ಯ ಸರ್ಕಾರ ಎಂಬ ಪಾಠವನ್ನು ನಾನು ಅರ್ಧ ಮುಗಿಸಿದಂತಾಗಿತ್ತು. ಅಂದಹಾಗೆ, ಸಂಖ್ಯೆ ಸಿಕ್ಕಿತು; ಕಡತ ಸಿಗಲಿಲ್ಲ.

ಇಷ್ಟಾದ ಮೇಲೆ ವಿಧಾನಸಭೆಯ ಜಾಲತಾಣವನ್ನು ತೆರೆದೆವು. ಸದಸ್ಯರು ಕೇಳಿದ ಪ್ರಶ್ನೆಗಳೂ ಮಂತ್ರಿಗಳು ಕೊಟ್ಟ ಉತ್ತರಗಳೂ ಅಲ್ಲಿ ಕನ್ನಡದಲ್ಲಿಯೇ ಸಿಗುತ್ತವೆ. ನಮ್ಮಲ್ಲಿ ಬಹಳ ಮಂದಿ ಶಿಕ್ಷಕರು ಇದನ್ನು ಒಮ್ಮೆಯೂ ತೆರೆದು ನೋಡಿರಲಾರರು ಎಂಬುದು ನನ್ನ ಗುಮಾನಿ. ತೆರೆದು ನೋಡಿದರೆ ಇದಕ್ಕಿಂತ ಒಳ್ಳೆಯ ಪೂರಕ ಪಠ್ಯ ಬೇರೆ ಬೇಕಾಗುವುದಿಲ್ಲ. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಬಾಯಿಮಾತಿನ ಉತ್ತರ ಬರುತ್ತದೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಬೇರೆ ಬೇರೆ ಕ್ಷೇತ್ರಗಳ ಸೇತುವೆ, ರಸ್ತೆಗಳ ಬಗೆಗಿನ ಹತ್ತಾರು ಪ್ರಶ್ನೋತ್ತರಗಳನ್ನು ಮಕ್ಕಳು ಗುಂಪು ಗುಂಪಾಗಿ ಓದಿದರು. ಓದುತ್ತಾ ಓದುತ್ತಾ ಅವರಿಗೊಂದು ಭಾಷೆ ಪರಿಚಯವಾಯಿತು. ‘ಪರಿಶೀಲನೆಯಲ್ಲಿದೆ’, ‘ಉದ್ಭವಿಸುವುದಿಲ್ಲ’, ‘ಅನುದಾನದ ಲಭ್ಯತೆಯ ಮೇರೆಗೆ ಕ್ರಮ ವಹಿಸಲಾಗುವುದು’. ಇವುಗಳ ಅರ್ಥವೇನೆಂದು ಕೇಳಿದರು. ಮೂರನೆಯದಕ್ಕೆ ‘ಈಗ ದುಡ್ಡಿಲ್ಲ, ಬಂದರೆ ನೋಡೋಣ’ ಎಂದು ಹೇಳಿಕೊಟ್ಟೆ. ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಆಡಳಿತದ ಕನ್ನಡವನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲ ಹತ್ತನೆಯ ತರಗತಿಯವರು ಎಷ್ಟು ಮಂದಿ ನಮ್ಮಲ್ಲಿ ತಯಾರಾಗುತ್ತಿದ್ದಾರೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಪ್ರವಾಸಕ್ಕೆ ನಾವು ಆ ವರ್ಷ ಆರಿಸಿಕೊಂಡದ್ದು ಬೆಳಗಾವಿಯನ್ನು. 2012ರ ಅಕ್ಟೋಬರಿನಲ್ಲಿ ಅಂದಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಉದ್ಘಾಟಿಸಿದ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ನಡೆಯುತ್ತದೆ. ನಮ್ಮ ಶಾಲಾ ಪ್ರವಾಸಗಳ ಕಾಲವೂ ಅದೇ. ಬೆಂಗಳೂರಿನ ಸೌಧವನ್ನು ಹೊರಗಿನಿಂದ ನೋಡಿ ಬರುವುದಕ್ಕಿಂತ ಬೆಳಗಾವಿಯ ಸೌಧದಲ್ಲಿ ಗ್ಯಾಲರಿಯಲ್ಲಿ ಕುಳಿತು ಒಂದು ಗಂಟೆ ಕಲಾಪ ನೋಡುವುದು ಎಷ್ಟೋ ಮೇಲೆಂದು ನನ್ನ ಖಚಿತ ಅಭಿಪ್ರಾಯ. ಬೀಗ ಹಾಕಿದ ಸಭಾಂಗಣ, ಅದೆಷ್ಟೇ ಭವ್ಯವಾಗಿದ್ದರೂ, ವಸ್ತುಸಂಗ್ರಹಾಲಯವೇ ಸರಿ.

ಗ್ಯಾಲರಿಯಲ್ಲಿ ಕೂತ ಕೂಡಲೆ ತಾಂಡಾದ ಹುಡುಗನೊಬ್ಬ ನನ್ನ ಕಿವಿಯ ಹತ್ತಿರ ಬಾಗಿ, ‘ಸರ್, ಇದ್ರಾಗ ನಮ್ಮೂರಿನ ಕುರ್ಚಿ ಯಾವ್ದ್ರಿ?’ ಎಂದ. ಎರಡು ವರ್ಷದ ಹಿಂದಿನ ಹುಡುಗರು ಕೈ ಮುಗಿದಿದ್ದರು. ಇವನು ಕುರ್ಚಿ ಹುಡುಕುತ್ತಿದ್ದ. ಹುಡುಕಿ ತೋರಿಸಿದೆ. ಕುರ್ಚಿ ಖಾಲಿಯಿತ್ತು. ಅದೊಂದೇ ಅಲ್ಲ, ಸಾಲಿಗೆ ಸಾಲೇ ಖಾಲಿ ಇದ್ದವು. ಸಂವಿಧಾನದ ಪ್ರಕಾರ ಸದನ ನಡೆಯಲು ಹತ್ತರಲ್ಲೊಂದು ಭಾಗ ಸದಸ್ಯರಿದ್ದರೆ ಸಾಕು, ಎಂದರೆ 224ರಲ್ಲಿ 23 ಮಂದಿ. ಈ ಲೆಕ್ಕ ತರಗತಿಯಲ್ಲಿ ಹೇಳಿದಾಗ ಆಕಳಿಸಿದ್ದ ಮಕ್ಕಳು ಅಲ್ಲಿ ಬೆರಳು ಮಡಿಸಿ ತಲೆ ಎಣಿಸತೊಡಗಿದರು. ಅಷ್ಟರಲ್ಲಿ ರಸ್ತೆ ದುರಸ್ತಿಯ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತಿದ್ದ ಮಂತ್ರಿಗಳು ‘ಅನುದಾನದ ಲಭ್ಯತೆಯ ಮೇರೆಗೆ’ ಎಂದರು. ನಮ್ಮ ಇಡೀ ಸಾಲು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡಿತು. ಗ್ಯಾಲರಿಯಲ್ಲಿ ನಗುವಂತಿಲ್ಲವಾದ್ದರಿಂದ ತುಟಿ ಕಚ್ಚಿ ಹಿಡಿದರು. ಆ ಒಂದು ಕ್ಷಣಕ್ಕಾಗಿ ಆರು ತಿಂಗಳು ಪಟ್ಟ ಪಾಡು ಸಾರ್ಥಕ ಎನಿಸಿತು ನನಗೆ. ಯಾಕೆಂದರೆ ಮಂತ್ರಿಗಳ ಮಾತು ಅವರಿಗೆ ದೂರದ ಸದ್ದಾಗಿರಲಿಲ್ಲ, ಗೊತ್ತಿದ್ದ ವಾಕ್ಯವಾಗಿತ್ತು. ಹೀಗೆ ಸದನದಲ್ಲಿ ಕೊಟ್ಟ ಮಾತು ಏನಾಯಿತೆಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿ ಎಂಬುದೇ ಒಂದಿದೆ ಎಂದು ಹೊರಬಂದ ಮೇಲೆ ತಿಳಿಸಿದಾಗ, ‘ಅದಕ್ಕ ನಾವು ಬರೀಬಹುದೇನ್ರಿ?’ ಎಂಬ ಪ್ರಶ್ನೆ ತಡವಿಲ್ಲದೆ ಬಂತು.

ಗದ್ದಲದ ಬಗ್ಗೆಯೂ ಒಂದು ಮಾತು ಹೇಳಬೇಕು, ಶಿಕ್ಷಕರು ಹೆಚ್ಚಾಗಿ ಅಂಜುವುದು ಅದಕ್ಕೇ. ಸದಸ್ಯರು ಕೂಗಾಡುವುದನ್ನೂ ಸಭಾಧ್ಯಕ್ಷರ ಪೀಠದ ಎದುರು ಬಂದು ನಿಲ್ಲುವುದನ್ನೂ ಮಕ್ಕಳು ನೋಡಿದರೆ ಏನು ಕಲಿತಾರು ಎಂಬ ಸಂಕೋಚ ನನಗೂ ಇತ್ತು. ಊಟಕ್ಕೆ ಕೂತಾಗ ಒಬ್ಬ ಕೇಳಿಯೂ ಕೇಳಿದ: ‘ಸರ್, ನಾವು ಹಿಂಗ ಒದರಿದ್ರ ನೀವು ಹೊರಗ ನಿಲ್ಲಿಸ್ತೀರಿ.’ ನಾನು ಅವರ ಪರವಾಗಿ ಕ್ಷಮೆ ಕೇಳಲಿಲ್ಲ, ಅವರನ್ನು ಹಳಿಯಲೂ ಇಲ್ಲ. ಯಾವ ವಿಷಯಕ್ಕೆ ಕೂಗಿದರು, ಕೂಗಿದ್ದರಿಂದ ಆ ವಿಷಯ ಚರ್ಚೆಗೆ ಬಂತೋ ಚರ್ಚೆಯೇ ನಿಂತುಹೋಯಿತೋ ಎಂದು ಕೇಳಿದೆ. ಚಿತ್ರಾನ್ನದ ಪೊಟ್ಟಣ ಕೈಯಲ್ಲಿ ಹಿಡಿದೇ ಮುಕ್ಕಾಲು ಗಂಟೆ ವಾದ ನಡೆಯಿತು. ತೀರ್ಮಾನ ಆಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ.

ವಿಧಾನ ಪರಿಷತ್ತನ್ನು ನಾವು ಪಾಠದಲ್ಲಿ ಅವಸರವಾಗಿ ಮುಗಿಸುತ್ತೇವೆ. ಪ್ರವಾಸದಲ್ಲಂತೂ ಅದರ ಹೆಸರೇ ಬರುವುದಿಲ್ಲ. ಅದು ಅನ್ಯಾಯ. 75 ಸ್ಥಾನಗಳಲ್ಲಿ 25ಕ್ಕೆ ವಿಧಾನಸಭೆಯ ಸದಸ್ಯರು, 25ಕ್ಕೆ ಸ್ಥಳೀಯ ಸಂಸ್ಥೆಗಳವರು, ಏಳಕ್ಕೆ ಪದವೀಧರರು, ಏಳಕ್ಕೆ ಶಿಕ್ಷಕರು ಆರಿಸಿ ಕಳಿಸುತ್ತಾರೆ. ಉಳಿದ ಹನ್ನೊಂದು ನಾಮನಿರ್ದೇಶನ. ಸ್ಥಳೀಯ ಸಂಸ್ಥೆಗಳೆಂದರೆ ನಮ್ಮ ಗ್ರಾಮ ಪಂಚಾಯಿತಿ ಸದಸ್ಯರೂ ಸೇರಿದಂತೆ. ತನ್ನ ಓಣಿಯ ಪಂಚಾಯಿತಿ ಸದಸ್ಯೆಯಾದ ದೊಡ್ಡಮ್ಮ ಹಾಕಿದ ಮತದಿಂದ ಒಬ್ಬರು ಆ ಸದನಕ್ಕೆ ಹೋಗಿ ಕೂತಿದ್ದಾರೆ ಎಂದು ತಿಳಿದಾಗ ಒಬ್ಬ ಹುಡುಗಿ ‘ನಮ್ಮ ದೊಡ್ಡಮ್ಮನ ಓಟಿಗೆ ಇಷ್ಟು ಕಿಮ್ಮತ್ತೇನ್ರಿ?’ ಎಂದಳು. ಇನ್ನು ಶಿಕ್ಷಕರ ಕ್ಷೇತ್ರದ ಮತದಾರರು ಈ ಸಭಾಂಗಣದಲ್ಲೇ ಕೂತಿದ್ದೀರಿ. ನಿಮ್ಮ ಮತ ಎಲ್ಲಿಗೆ ಹೋಗುತ್ತದೆಂದು ನಿಮ್ಮ ವಿದ್ಯಾರ್ಥಿಗಳಿಗೆ ತೋರಿಸಿದ್ದೀರಾ?

ಬೆಂಗಳೂರಿಗೇ ಹೋಗುವವರು ಹೋಗಲಿ, ಬೇಡವೆನ್ನುವುದಿಲ್ಲ. ಆದರೆ ನೋಡುವ ಜಾಗಗಳನ್ನು ಒಂದಕ್ಕೊಂದು ಪೋಣಿಸಿಕೊಳ್ಳಿ. 1951ರ ಜುಲೈ 13ರಂದು ನೆಹರೂ ಅವರು ಅಡಿಗಲ್ಲು ಹಾಕಿ, ಕೆಂಗಲ್ ಹನುಮಂತಯ್ಯನವರ ಹಟದಿಂದ ಮೇಲೆದ್ದು 1956ರಲ್ಲಿ ಮುಗಿದ ವಿಧಾನಸೌಧದ ಎದುರಿಗೇ ಕೆಂಪು ಬಣ್ಣದ ಅಠಾರಾ ಕಚೇರಿಯಿದೆ. ಸೌಧ ಕಟ್ಟುವವರೆಗೆ ಶಾಸನಸಭೆ ಸೇರುತ್ತಿದ್ದುದು ಅಲ್ಲಿಯೇ. ಈಗ ಅದು ಹೈಕೋರ್ಟು. ಕಾನೂನು ಮಾಡುವವರೂ ಆ ಕಾನೂನು ಸರಿಯೇ ಎಂದು ತೂಗಿ ನೋಡುವವರೂ ರಸ್ತೆಯ ಆಚೆ ಈಚೆ ಎದುರುಬದುರಾಗಿ ಕೂತಿರುವ ಈ ಜಾಗದಲ್ಲಿ ನಿಂತು ಅಧಿಕಾರ ವಿಭಜನೆಯನ್ನು ವಿವರಿಸಲು ಹಲಗೆಯ ಅಗತ್ಯವೇ ಇಲ್ಲ. 1980ರ ದಶಕದಲ್ಲಿ ಆ ಕೆಂಪು ಕಟ್ಟಡವನ್ನೇ ಕೆಡವಿಹಾಕುವ ಪ್ರಸ್ತಾವ ಬಂದಾಗ ನಾಗರಿಕರು ನ್ಯಾಯಾಲಯಕ್ಕೆ ಹೋದರು, ವಿಷಯ ಊರೆಲ್ಲ ಚರ್ಚೆಯಾಯಿತು, ಕಟ್ಟಡ ಉಳಿಯಿತು. ನ್ಯಾಯಾಲಯದ ಕಟ್ಟಡಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿದ ಕತೆಯನ್ನು ಮಕ್ಕಳು ಮರೆಯುವುದಿಲ್ಲ.

ಅಲ್ಲಿಂದ ಹೆಚ್ಚು ದೂರವಿಲ್ಲದ ಫ್ರೀಡಂ ಪಾರ್ಕನ್ನು ಯಾವ ಶಾಲೆಯ ಪ್ರವಾಸಪಟ್ಟಿಯಲ್ಲೂ ನಾನು ಕಂಡಿಲ್ಲ. ಅದು ಹಿಂದಿನ ಕೇಂದ್ರ ಕಾರಾಗೃಹ. 1975ರ ಜೂನ್ ತಿಂಗಳಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧಿಸಿ ಇರಿಸಿದ್ದು ಇದೇ ಗೋಡೆಗಳ ಒಳಗೆ. 2008ರಲ್ಲಿ ಉದ್ಯಾನವಾಗಿ ತೆರೆದುಕೊಂಡ ಈ ಜಾಗ ಈಗ ರಾಜಧಾನಿಯಲ್ಲಿ ಪ್ರತಿಭಟನೆಗೆ ಗೊತ್ತುಪಡಿಸಿದ ಜಾಗವೂ ಹೌದು. ಅಂಗನವಾಡಿ ಕಾರ್ಯಕರ್ತೆಯರು, ರೈತರು, ಅತಿಥಿ ಶಿಕ್ಷಕರು ಬಂದು ಕೂರುವುದು ಇಲ್ಲಿ. ನಮ್ಮೂರಿನ ಅಂಗನವಾಡಿಯ ಅಕ್ಕ ಎರಡು ದಿನ ರಜೆ ಹಾಕಿ ಬೆಂಗಳೂರಿಗೆ ಹೋಗಿದ್ದಳಲ್ಲ, ಆಕೆ ಕೂತಿದ್ದ ನೆಲ ಇದು ಎಂದು ತೋರಿಸುವುದರಲ್ಲಿ ತಪ್ಪೇನು? ಪ್ರತಿಭಟನೆ ನಡೆಯುವಾಗ ಮಕ್ಕಳನ್ನು ನಡುವೆ ನುಗ್ಗಿಸಿ ಎಂದು ನಾನು ಹೇಳುವುದಿಲ್ಲ. ಪೋಷಕರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡವರಿಗೆ ಅದರ ಭಾರ ಗೊತ್ತು. ಆದರೆ ಅರ್ಜಿ ನಡುದಾರಿಯಲ್ಲಿ ನಿಂತುಹೋದರೆ ಜನ ಏನು ಮಾಡುತ್ತಾರೆಂಬ ಪ್ರಶ್ನೆಗೆ ಉತ್ತರವಾಗಿರುವ ಜಾಗವನ್ನು ಬಿಟ್ಟು ವಿಧಾನಸೌಧವೊಂದನ್ನೇ ತೋರಿಸಿದರೆ ಪಾಠದ ಒಂದು ಪುಟ ಹರಿದಂತೆ.

ಹೊರಗಿನ ದೇಶದ ಒಂದು ಏರ್ಪಾಡನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಆಸ್ಟ್ರೇಲಿಯಾದಲ್ಲಿ ರಾಜಧಾನಿ ಕ್ಯಾನ್‌ಬೆರಾಗೆ ಬರುವ ಶಾಲೆಗಳಿಗೆ 2006ರಿಂದ ಕೇಂದ್ರ ಸರ್ಕಾರವೇ ಸಹಾಯಧನ ಕೊಡುತ್ತಾ ಬಂದಿದೆ. ಶಾಲೆ ರಾಜಧಾನಿಯಿಂದ ಕನಿಷ್ಠ 150 ಕಿಲೋಮೀಟರ್ ದೂರವಿರಬೇಕು. ದೂರ ಹೆಚ್ಚಿದಂತೆ ತಲಾ ಸಿಗುವ ಹಣವೂ ಹೆಚ್ಚುತ್ತದೆ. ಅದರ ಜೊತೆಗೊಂದು ಷರತ್ತು: ಸಂಸತ್ ಭವನ, ಹಳೆಯ ಸಂಸತ್ ಭವನದಲ್ಲಿರುವ ಪ್ರಜಾಪ್ರಭುತ್ವ ಸಂಗ್ರಹಾಲಯ ಇಲ್ಲವೇ ಚುನಾವಣಾ ಶಿಕ್ಷಣ ಕೇಂದ್ರ, ಯುದ್ಧ ಸ್ಮಾರಕ ಇವುಗಳ ಭೇಟಿ ಪ್ರವಾಸದಲ್ಲಿ ಸೇರಿರಲೇಬೇಕು. ಸಂಸತ್ತಿನ ಶಿಕ್ಷಣ ವಿಭಾಗದವರು ಮಕ್ಕಳನ್ನೇ ಸದಸ್ಯರನ್ನಾಗಿ ಕೂರಿಸಿ ಮಸೂದೆಯ ಮೇಲೆ ಚರ್ಚೆ ಮಾಡಿಸುತ್ತಾರೆ. ಯುದ್ಧ ಸ್ಮಾರಕವನ್ನು ಪೌರಶಿಕ್ಷಣದ ಪಟ್ಟಿಗೆ ಸೇರಿಸಿದ್ದರ ಬಗ್ಗೆ ನನ್ನ ತಕರಾರಿದೆ, ಅದಿರಲಿ. ದೂರವೇ ಒಂದು ಅಸಮಾನತೆ ಎಂದು ಆ ಸರ್ಕಾರ ಒಪ್ಪಿಕೊಂಡಿದೆಯಲ್ಲ, ಅದನ್ನು ಗಮನಿಸಿ. ಬೀದರಿನ ಮಗುವಿಗೆ ಬೆಂಗಳೂರು ಸುಮಾರು 700 ಕಿಲೋಮೀಟರ್. ನೆರೆರಾಜ್ಯದ ರಾಜಧಾನಿ ಹೈದರಾಬಾದು ಅದರ ಕಾಲುಭಾಗದಷ್ಟೂ ದೂರವಿಲ್ಲ. ರಾಮನಗರದ ಮಗು ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರಬಹುದು. ಇಬ್ಬರೂ ಒಂದೇ ರಾಜ್ಯದ ಪ್ರಜೆಗಳು, ಇಬ್ಬರಿಗೂ ಒಂದೇ ಪಠ್ಯಪುಸ್ತಕ.

ಇಂಥ ಪ್ರವಾಸಗಳಿಂದ ನಿಜಕ್ಕೂ ಏನಾದರೂ ಉಳಿಯುತ್ತದೆಯೇ ಎಂದು ಕೇಳುವವರಿಗೆ ಅಮೆರಿಕದ ಆರ್ಕನ್ಸಾ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಒಂದು ಪ್ರಯೋಗವನ್ನು ಹೇಳುತ್ತೇನೆ. 2011ರಲ್ಲಿ ಅಲ್ಲೊಂದು ಕಲಾ ಸಂಗ್ರಹಾಲಯ ತೆರೆದಾಗ ಉಚಿತ ಭೇಟಿಗೆ ಅರ್ಜಿ ಹಾಕಿದ ಶಾಲೆಗಳ ಸಂಖ್ಯೆ ಮಿತಿ ಮೀರಿತು. ಚೀಟಿ ಎತ್ತಿ ಕೆಲವರನ್ನು ಮೊದಲು, ಕೆಲವರನ್ನು ಆಮೇಲೆ ಕರೆಸಿಕೊಂಡರು. ಹೋಗಿ ಬಂದವರನ್ನೂ ಇನ್ನೂ ಹೋಗದವರನ್ನೂ, ಒಟ್ಟು ಸುಮಾರು 11,000 ಮಕ್ಕಳನ್ನು, ಹೋಲಿಸಿ ನೋಡಿದಾಗ ಹೋಗಿ ಬಂದವರಲ್ಲಿ ವಿಮರ್ಶಿಸಿ ನೋಡುವ ಶಕ್ತಿಯೂ ಬೇರೆಯವರ ಅಭಿಪ್ರಾಯವನ್ನು ಸಹಿಸುವ ಗುಣವೂ ಹೆಚ್ಚಿದ್ದವು. ಹಳ್ಳಿಯ ಮತ್ತು ಬಡ ಶಾಲೆಗಳ ಮಕ್ಕಳಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದಿತ್ತು. ಅದು ಚಿತ್ರಕಲೆಯ ಸಂಗ್ರಹಾಲಯ, ನಮ್ಮದು ಶಾಸನಸಭೆ. ಒಂದರ ಫಲವನ್ನು ಇನ್ನೊಂದರ ಮೇಲೆ ಹಾಗೆಯೇ ಹೇರಲಾಗದು. ಆದರೂ ಮನೆಯವರು ಎಂದೂ ಕರೆದೊಯ್ಯಲಾಗದ ಕಡೆಗೆ ಶಾಲೆ ಕರೆದೊಯ್ದರೆ ಅದರ ಲಾಭ ಬಡ ಮಗುವಿಗೇ ಹೆಚ್ಚು ಎಂಬುದನ್ನು ನಂಬಲು ನನಗೆ ಅಧ್ಯಯನವೇ ಬೇಕಾಗಿಲ್ಲ.

ಹಾಗಿರುವಾಗ ನಮ್ಮ ಪ್ರವಾಸಗಳಲ್ಲಿ ಹಿಂದುಳಿಯುವವರು ಯಾರು? ಹಣ ಕಟ್ಟಲಾಗದವರು, ‘ಹೆಣ್ಣುಮಗಳನ್ನು ರಾತ್ರಿ ಹೊರಗೆ ಕಳಿಸುವುದಿಲ್ಲ’ ಎನ್ನುವ ಮನೆಯವರ ಮಕ್ಕಳು. ಆ ಮೂರು ದಿನ ಅವರು ಅರ್ಧ ಖಾಲಿಯಾದ ತರಗತಿಯಲ್ಲಿ ಕೂತಿರುತ್ತಾರೆ. ಬೆಳಗಾವಿಗೆ ಹೊರಡುವ ಮುನ್ನ ನಾವು ಒಂದು ಕೆಲಸ ಮಾಡಿದೆವು. ಪಂಚಾಯಿತಿಯಿಂದ ತಾಲ್ಲೂಕಿನವರೆಗಿನ ಓಡಾಟದಲ್ಲಿ ಎಲ್ಲ ಮಕ್ಕಳೂ ಇದ್ದರಲ್ಲ, ಬಸ್ಸು ಹತ್ತಲಾಗದ ಹನ್ನೊಂದು ಮಕ್ಕಳೇ ಗ್ಯಾಲರಿಯಲ್ಲಿ ಗಮನಿಸಬೇಕಾದ ಸಂಗತಿಗಳ ಪಟ್ಟಿ ಮಾಡಿ ಹೋಗುವವರ ಕೈಗೆ ಕೊಟ್ಟರು. ಮರಳಿದ ಮೇಲೆ ಹೋದವರು ಅವರ ಎದುರು ನಿಂತು ಲೆಕ್ಕ ಒಪ್ಪಿಸಿದರು. ಕಳಿಸಿದವರು ಕೇಳುವುದು, ಹೋದವರು ಉತ್ತರಿಸುವುದು. ಪ್ರತಿನಿಧಿ ಎಂಬ ಪದದ ಅರ್ಥವನ್ನು ನಾನು ಬೇರೆ ಹೇಳಿಕೊಡಬೇಕಾಗಲಿಲ್ಲ. ಹನ್ನೊಂದು ಮಂದಿ ಉಳಿದರೆಂಬ ಕೊರತೆಯನ್ನು ಇದು ತುಂಬುತ್ತದೆಂದು ನಾನು ಹೇಳಲಾರೆ. ಅವರೂ ಬರಬೇಕಿತ್ತು.

ಸೇತುವೆ ಆಯಿತೇ ಎಂದು ಎದುರಿನ ಸಾಲಿನಲ್ಲಿರುವವರು ಕೇಳುತ್ತಿದ್ದೀರಿ. ಇನ್ನೂ ಆಗಿಲ್ಲ. ಭರವಸೆಗಳ ಸಮಿತಿಗೆ ಹೋಗುವ ವಿಷಯ ಅದಲ್ಲವೆಂದು ತಿಳಿದ ಮೇಲೆ ಮಕ್ಕಳು ನಮ್ಮ ಕ್ಷೇತ್ರದ ಶಾಸಕರಿಗೆ ಪತ್ರ ಬರೆದರು, ಸ್ವೀಕೃತಿ ಸಂಖ್ಯೆಯನ್ನೂ ಅದರಲ್ಲಿ ನಮೂದಿಸಿದರು. ಇಲಾಖೆಯಿಂದ ಅಂದಾಜುಪಟ್ಟಿ ಕೇಳಲಾಗಿದೆ ಎಂಬ ಒಂದು ಪುಟದ ಉತ್ತರ ಬಂದಿದೆ. ಅದನ್ನು ಸೂಚನಾಫಲಕಕ್ಕೆ ಅಂಟಿಸಿದ್ದೇವೆ. ಆ ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ, ಪತ್ರದ ಬೆನ್ನು ಹತ್ತಿರುವುದು ಅವರ ನಂತರದ ತಂಡ. ಗ್ಯಾಲರಿ ಪ್ರವೇಶಕ್ಕೆ ಶಾಸಕರ ಮೂಲಕ ಬರೆಯಬೇಕಾದ ಮನವಿಯ ಮಾದರಿಯನ್ನೂ ಈ ಉತ್ತರದ ನಕಲನ್ನೂ ತಂದಿದ್ದೇನೆ. ಅಧಿವೇಶನದ ದಿನಾಂಕ ಪ್ರಕಟವಾದ ಮೇಲೆ ಬರೆದರೆ ತಡವಾಗುತ್ತದೆ, ಈಗಲೇ ಬರೆಯಿರಿ. ಬೇಕಾದವರು ಚಹಾ ಕುಡಿಯುವಾಗ ನನ್ನಿಂದ ಪಡೆದುಕೊಳ್ಳಬಹುದು.